ರಕ್ತನಾಳದ ಲ್ಯಾಬಲ್ಲಿ ಕೆಲಸ ಮಾಡೋ ಜನ

ಕೇಳುಗರಿಗೆಲ್ಲ ನಮಸ್ಕಾರ.

ಎದೆ ಹಿಡ್ಕೊಂಡ್ರೆ ನಾಲಿಗೆ ಅಡಿ ಇಟ್ಕೊಳ್ಳಿ ಅಂತ ಡಾಕ್ಟ್ರು ಬರ್ಕೊಡೋ ಪುಟ್ಟ ಮಾತ್ರೆ ಇದ್ಯಲ್ಲ, ಸಾರ್ಬಿಟ್ರೇಟ್ ಅಂತ ಎಲ್ರೂ ಕರೀತಾರೆ, ಹಾರ್ಟ್ ಪೇಶೆಂಟ್ ಇರೋ ಮನೇಲಿ ಅದು ಅಂಗಿ ಜೇಬಲ್ಲೋ ದೇವ್ರ ಗೂಡಿನ ಪಕ್ಕದಲ್ಲೋ ಇದ್ದೇ ಇರತ್ತೆ. ಅದೇ ಜಾತಿಗೆ ಸೇರಿದ ನೈಟ್ರೋಗ್ಲಿಸರಿನ್‌ನ ಎದೆನೋವಿಗೆ ಕೊಡಬಹುದು ಅಂತ ಲಂಡನ್ನಿನ ಡಾಕ್ಟರ್ ವಿಲಿಯಂ ಮರೆಲ್ ಬರೆದಿದ್ದು 1879ರಲ್ಲಿ. ಅದು ರಕ್ತನಾಳನ ಹೇಗೆ ಸಡಿಲ ಮಾಡತ್ತೆ ಅಂತ ಗೊತ್ತಾಗಕ್ಕೆ ಮಾತ್ರ ಹತ್ತಿರ ಹತ್ತಿರ ನೂರು ವರ್ಷ ಬೇಕಾಯ್ತು, ಅಲ್ಲೀವರೆಗೂ ಕೋಟ್ಯಂತರ ಜನ ಯಾಕೆ ಅಂತ ಗೊತ್ತಿಲ್ದೇನೇ ಆ ಮಾತ್ರೆ ತಗೊಂಡು ಬದುಕಿದಾರೆ.

ಇಂಥ ಪ್ರಶ್ನೆಗಳ ಹಿಂದೆ ಬಿದ್ದಿರೋ ಶಾಸ್ತ್ರಕ್ಕೆ ವ್ಯಾಸ್ಕುಲರ್ ಬಯಾಲಜಿ ಅಂತಾರೆ, ರಕ್ತನಾಳ ಹೇಗೆ ಹುಟ್ಟತ್ತೆ, ಹೇಗೆ ಕವಲೊಡೆಯತ್ತೆ, ಯಾಕೆ ಗಟ್ಟಿ ಆಗತ್ತೆ, ಯಾಕೆ ಮುಚ್ಚಿಕೊಳ್ಳತ್ತೆ, ಇವೆಲ್ಲ ಅದರ ಒಳಗೆ ಬರತ್ತೆ. ನಾನು ಇಂಥ ಒಂದು ಯೂನಿವರ್ಸಿಟಿ ಲ್ಯಾಬಲ್ಲಿ ಕೆಲ ವರ್ಷ ಕೆಲಸ ಮಾಡಿದೀನಿ. ಪೇಪರಲ್ಲಿ ಟಿವಿಲಿ ಸಂಶೋಧನೆ ಅಂದ ಕೂಡ್ಲೇ ಒಬ್ಬರೇ ಒಬ್ಬರು ಪ್ರೊಫೆಸರ್ ಫೋಟೋ ಬರತ್ತೆ, ಮಿಕ್ಕೋರೆಲ್ಲ ಎಲ್ಲಿ ಹೋದ್ರು ಅಂತ ನಂಗೆ ಪ್ರತಿ ಸಲ ಅನ್ಸತ್ತೆ. ಅದರಲ್ಲೂ ರಕ್ತನಾಳದ ವಿಷ್ಯದಲ್ಲಿ ಆ ಮಿಕ್ಕೋರನ್ನ ಬಿಟ್ಟು ಮಾತಾಡೋದು ಸಾಧ್ಯಾನೇ ಇಲ್ಲ, ಯಾಕೆ ಅಂತ ಹೇಳ್ತೀನಿ.

ರಕ್ತನಾಳದ ಗೋಡೇಲಿ ಹೊರಗಡೆ ಮಾಂಸಖಂಡದ ಪದರ ಇರತ್ತೆ, ಒಳಗಡೆ ರಕ್ತ ತಾಗೋ ಕಡೆ ಎಂಡೋಥೀಲಿಯಂ ಅಂತ ಒಂದು ಒಳಪದರ. ನೆಲಕ್ಕೆ ಕಡಪಾ ಕಲ್ಲು ಹಾಸಿದ ಹಾಗೆ ಜೀವಕೋಶಗಳು ಅಂಚಿಗೆ ಅಂಚು ಸೇರ್ಕೊಂಡು ಕೂತಿರ್ತವೆ, ಒಂದೇ ಒಂದು ಸಾಲು, ಅದರ ಮೇಲೆ ಇನ್ನೊಂದು ಸಾಲು ಇರಲ್ಲ. ಬೆರಳು ತಾಗಿದ್ರೆ ಸಾಕು, ಎದ್ದು ಹೋಗತ್ತೆ, ಹೋಗಿದ್ದು ಬರಿಗಣ್ಣಿಗೆ ಕಾಣಿಸೋದೂ ಇಲ್ಲ. ಹಾಗಾಗಿ ನಾಳನ ಯಾರು ಕತ್ತರಿಸಿದ್ರು, ಹೇಗೆ ಹಿಡ್ಕೊಂಡ್ರು, ಎಲ್ಲಿ ಇಟ್ರು ಅನ್ನೋದ್ರ ಮೇಲೆ ಪ್ರಯೋಗದ ಉತ್ತರಾನೇ ಬದಲಾಗಿ ಹೋಗತ್ತೆ.

ಇದು ನಿಜವಾಗ್ಲೂ ನಡೆದಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಲ್ಲಿ ಸ್ಟೇಟ್ ಯೂನಿವರ್ಸಿಟಿಯ ಡೌನ್‌ಸ್ಟೇಟ್ ಮೆಡಿಕಲ್ ಸೆಂಟರ್ ಅಂತ ಆಗ ಕರೀತಿದ್ದ ಕಾಲೇಜಿದೆ, ರಾಬರ್ಟ್ ಫರ್ಚ್‌ಗಾಟ್ 1956ರಿಂದ ಅಲ್ಲಿ ಫಾರ್ಮಕಾಲಜಿ, ಅಂದ್ರೆ ಔಷಧಶಾಸ್ತ್ರದ ಪ್ರೊಫೆಸರ್ ಆಗಿದ್ರು. ಮೊಲದ ಮಹಾಪಧಮನಿ ತಗೊಂಡು, ಸುರುಳಿಯಾಗಿ ಪಟ್ಟಿ ಥರ ಕತ್ತರಿಸಿ, 37 ಡಿಗ್ರಿ ಬೆಚ್ಚಗಿರೋ ಉಪ್ಪುದ್ರಾವಣದಲ್ಲಿ ನೇತು ಹಾಕಿ, ಅದಕ್ಕೆ ಆಕ್ಸಿಜನ್ ಗುಳ್ಳೆ ಬಿಡ್ತಾ, ಔಷಧಿ ಹನಿ ಹಾಕಿದಾಗ ಪಟ್ಟಿ ಬಿಗಿಯಾಗತ್ತಾ ಸಡಿಲ ಆಗತ್ತಾ ಅಂತ ಅಳೆಯೋದು ಅವ್ರ ಪದ್ಧತಿ. ಅಸಿಟೈಲ್‌ಕೋಲಿನ್ ಅನ್ನೋ, ನರಗಳು ಸುದ್ದಿ ದಾಟಿಸಕ್ಕೆ ಬಳಸೋ ವಸ್ತುನ ಹಾಕಿದ್ರೆ ಪಟ್ಟಿ ಬಿಗಿಯಾಗತ್ತೆ ಅಂತ ಅವ್ರು ಭದ್ರಕಾಮ್ ಅನ್ನೋರ ಜೊತೆ ಸೇರಿ 1953ರಲ್ಲೇ ಬರೆದಿದ್ರು. ಆದ್ರೆ ಅದೇ ಅಸಿಟೈಲ್‌ಕೋಲಿನ್‌ನ ಬದುಕಿರೋ ಪ್ರಾಣಿಗೆ ಕೊಟ್ರೆ ರಕ್ತನಾಳ ಅಗಲ ಆಗಿ ಬಿಪಿ ಇಳೀತಿತ್ತು. ಒಂದೇ ವಸ್ತು, ಒಳಗೆ ಒಂದು ಥರ ಹೊರಗೆ ಒಂದು ಥರ, ಈ ಒಗಟು ಇಪ್ಪತ್ತೈದು ವರ್ಷ ಹಾಗೇ ಕೂತಿತ್ತು.

1978ರ ಮೇ ತಿಂಗಳು. ಲ್ಯಾಬಿನ ಟೆಕ್ನೀಶಿಯನ್ ಡೇವಿಡ್ ಡೇವಿಡ್ಸನ್ ಪ್ರಯೋಗ ಮಾಡ್ತಿದ್ರು, ಈ ಸಲ ಸುರುಳಿ ಪಟ್ಟಿ ಬದಲು ನಾಳನ ಅಡ್ಡಕ್ಕೆ ಕತ್ತರಿಸಿದ ಉಂಗುರ ಬಳಸ್ತಿದ್ರು. ನಾರ್‌ಎಪಿನೆಫ್ರಿನ್ ಹಾಕಿ ಬಿಗಿ ಮಾಡಿ, ಅದನ್ನ ತೊಳೆದು ಹಾಕಿ, ಆಮೇಲೆ ಕಾರ್ಬಕೋಲ್ ಹಾಕಬೇಕು ಅಂತ ಇತ್ತು, ಈ ಕಾರ್ಬಕೋಲ್ ಅಸಿಟೈಲ್‌ಕೋಲಿನ್ ಥರಾನೇ ಕೆಲಸ ಮಾಡೋ ವಸ್ತು. ತೊಳೆಯೋದು ಬಿಟ್ಟು ಹೋಯ್ತು. ಬಿಗಿ ಹಿಡ್ಕೊಂಡಿದ್ದ ಉಂಗುರ ಇನ್ನೂ ಬಿಗಿಯಾಗೋ ಬದಲು ಸಡಿಲ ಆಯ್ತು.

ಟೆಕ್ನೀಶಿಯನ್ ತಪ್ಪು ಮಾಡಿದ್ದಕ್ಕೆ ನೊಬೆಲ್ ಬಂತು ಅಂತ ಈ ಕಥೇನ ಚಿಕ್ಕದಾಗಿ ಹೇಳಿ ಮುಗಿಸಿಬಿಡ್ತಾರೆ, ನಂಗೆ ಅದು ಸರಿ ಅನ್ಸಲ್ಲ. ತೊಳೆಯೋದು ಬಿಟ್ಟಿದ್ರಿಂದ ಗೊತ್ತಾಯ್ತು ನಿಜ, ಆದ್ರೆ ಅಲ್ಲಿ ಸಡಿಲ ಆಗೋ ಶಕ್ತಿ ಉಳ್ಕೊಂಡಿತ್ತಲ್ಲ, ಅದು ಉಂಗುರ ಕತ್ತರಿಸೋವಾಗ ಒಳಮೈ ಯಾವುದಕ್ಕೂ ಉಜ್ಜದೇ ಇದ್ದಿದ್ರಿಂದ. ಪಟ್ಟಿ ಯಾಕೆ ಸಡಿಲ ಆಗಲ್ಲ ಉಂಗುರ ಯಾಕೆ ಆಗತ್ತೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಅದು: ಪಟ್ಟಿ ತಯಾರು ಮಾಡೋವಾಗ ಒಳಮೈ ಬೆರಳಿಗೆ, ಅದಕ್ಕೆ ಇದಕ್ಕೆ ತಾಗಿ ಎಂಡೋಥೀಲಿಯಂ ಪೂರ್ತಿ ಎದ್ದು ಹೋಗ್ತಿತ್ತು. ಹುಷಾರಾಗಿ ಮುಟ್ಟದೇ ಕತ್ತರಿಸಿದ್ರೆ ಪಟ್ಟೀನೂ ಸಡಿಲ ಆಯ್ತು, ಬೇಕಂತಲೇ ಮೆಲ್ಲಗೆ ಉಜ್ಜಿದ್ರೆ ಉಂಗುರಾನೂ ಸಡಿಲ ಆಗಲಿಲ್ಲ. ಒಳ್ಳೇ ತರಬೇತಿ ಇರೋ ಕೈಗಳೇ ಅಷ್ಟು ವರ್ಷ ಉತ್ತರಾನ ಒರೆಸಿ ಹಾಕ್ತಿದ್ವು, ಇದನ್ನ ಯೋಚನೆ ಮಾಡಿದ್ರೆ ಈಗ್ಲೂ ಮೈ ಜುಂ ಅನ್ನತ್ತೆ.

ಮುಂದಿನ ಪ್ರಯೋಗಾನ ಫರ್ಚ್‌ಗಾಟ್ ಮಾಡಿದ್ದು ಜಾನ್ ಝವಾಡ್ಸ್‌ಕಿ ಜೊತೆ. ಒಳಪದರ ಉಜ್ಜಿ ತೆಗೆದ ಒಂದು ಪಟ್ಟಿ, ಒಳಪದರ ಇರೋ ಇನ್ನೊಂದು ಪಟ್ಟಿ, ಎರಡನ್ನೂ ಒಳಮೈಗೆ ಒಳಮೈ ತಾಗೋ ಹಾಗೆ ಸ್ಯಾಂಡ್‌ವಿಚ್ ಮಾಡಿ ನೇತು ಹಾಕಿದ್ರು. ಅಸಿಟೈಲ್‌ಕೋಲಿನ್ ಹಾಕಿದಾಗ ಒಳಪದರ ಇಲ್ಲದ ಪಟ್ಟೀನೂ ಸಡಿಲ ಆಯ್ತು, ಅಂದ್ರೆ ಆ ಒಂದು ಸಾಲು ಜೀವಕೋಶದಿಂದ ಏನೋ ಒಂದು ಪದಾರ್ಥ ಹೊರಟು ಪಕ್ಕದ ಮಾಂಸಖಂಡಕ್ಕೆ ಸಡಿಲ ಆಗು ಅಂತ ಹೇಳ್ತಿದೆ. ಇಬ್ಬರೂ ಸೇರಿ 1980ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಬರೆದ್ರು. ಆ ಪದಾರ್ಥ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಇರಬಹುದು ಅಂತ 1986ರಲ್ಲಿ ಫರ್ಚ್‌ಗಾಟ್ ಒಂದು ಕಡೆಯಿಂದ, ಲೂಯಿ ಇಗ್ನಾರೊ ಇನ್ನೊಂದು ಕಡೆಯಿಂದ ಹೇಳಿದ್ರು, ಮರುವರ್ಷ ಇಂಗ್ಲೆಂಡಲ್ಲಿ ಸಾಲ್ವಡಾರ್ ಮೊಂಕಾಡ ಅವ್ರ ತಂಡಾನೂ ಅದನ್ನ ಅಳೆದು ತೋರಿಸ್ತು. ನೈಟ್ರೋಗ್ಲಿಸರಿನ್‌ನಿಂದ ಬರೋದೂ ಇದೇ ಅನಿಲ ಅಂತ ಫೆರಿದ್ ಮುರಾದ್ 1977ರಲ್ಲೇ ಕಂಡಿದ್ರು, ಹಾಗಾಗಿ ಮಾತ್ರೆಯ ಗುಟ್ಟೂ ರಕ್ತನಾಳದ ಗುಟ್ಟೂ ಒಂದೇ ಅಂತ ಆಯ್ತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು. ಫರ್ಚ್‌ಗಾಟ್‌ಗೆ ಆಗ 82 ವರ್ಷ, ಅವ್ರ ನೊಬೆಲ್ ಭಾಷಣದಲ್ಲಿ ಡೇವಿಡ್ಸನ್ ಹೆಸರೂ ಆ ದಿನದ ಪ್ರಯೋಗಾನೂ ಬರತ್ತೆ. ಆ ಭಾಷಣ ಓದಿದಾಗ ಆ ಮನುಷ್ಯನ ಬಗ್ಗೆ ನನ್ನ ಗೌರವ ಇನ್ನೂ ಜಾಸ್ತಿ ಆಯ್ತು, ಎಷ್ಟೋ ಜನ ಅದನ್ನ ಹೇಳ್ದೇ ನುಂಗ್ಕೊಂಡಿರ್ತಿದ್ರು.

ಇನ್ನೊಂದು ಲ್ಯಾಬು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆದು, ಹಾರ್ವರ್ಡ್ ಯೂನಿವರ್ಸಿಟಿಗೆ ಸೇರಿದ್ದು, ಜೂಡಾ ಫೋಕ್‌ಮನ್ ಅಂತ ಸರ್ಜನ್ ಅದರ ಮುಖ್ಯಸ್ಥರಾಗಿದ್ರು. ಕ್ಯಾನ್ಸರ್ ಗೆಡ್ಡೆ ದೊಡ್ಡದಾಗಬೇಕು ಅಂದ್ರೆ ಅದಕ್ಕೆ ಹೊಸ ರಕ್ತನಾಳ ಬೇಕೇ ಬೇಕು, ಆ ನಾಳ ಬೆಳೆಯೋದನ್ನ ತಡೆದ್ರೆ ಗೆಡ್ಡೇನೂ ತಡೀಬಹುದು ಅಂತ ಅವ್ರು 1971ರಲ್ಲಿ ಬರೆದಾಗ ನಂಬಿದೋರು ಕಮ್ಮಿ. ಆ ಲ್ಯಾಬಿಗೆ 1974ರಲ್ಲಿ ರಾಬರ್ಟ್ ಲ್ಯಾಂಗರ್ ಅಂತ ಕೆಮಿಕಲ್ ಎಂಜಿನಿಯರ್ ಪೋಸ್ಟ್‌ಡಾಕ್ ಆಗಿ, ಅಂದ್ರೆ ಡಾಕ್ಟರೇಟ್ ಮುಗಿಸಿ ಇನ್ನೊಬ್ಬರ ಲ್ಯಾಬಲ್ಲಿ ಕೆಲಸ ಮಾಡೋ ಸಂಶೋಧಕರಾಗಿ, ಸೇರ್ಕೊಂಡ್ರು. ಮೃದ್ವಸ್ಥಿ ಅಂದ್ರೆ ಕಿವಿ, ಮೂಗಿನ ತುದೀಲಿ ಇರೋ ಥರದ ಮೆತ್ತನೆ ಮೂಳೆ, ಅದರಲ್ಲಿ ರಕ್ತನಾಳ ಇರಲ್ಲ, ಅಂದ್ಮೇಲೆ ನಾಳನ ಒಳಗೆ ಬಿಡದೇ ಇರೋ ಏನೋ ಒಂದು ಅದರಲ್ಲಿ ಇರಬೇಕು ಅಂತ ಕಸಾಯಿಖಾನೆಯಿಂದ ದನದ ಮೂಳೆ ತಂದು, ಅದರಿಂದ ಮೃದ್ವಸ್ಥಿ ಕೆರೆದು ತೆಗೆದು, ರಸ ಇಳಿಸಿ ಹುಡುಕೋದು ಅವ್ರ ಕೆಲಸ ಆಗಿತ್ತು. ಅಮೆರಿಕಾದ ಎಂಐಟಿಲಿ ಡಾಕ್ಟರೇಟ್ ಮಾಡಿದೋರು ಮೂಳೆ ಕೆರೀತಾ ಕೂತಿದ್ರು! ಆ ಲ್ಯಾಂಗರ್ ಮುಂದೆ, ಕೋವಿಡ್ ಲಸಿಕೆ ಮಾಡಿದ ಮಾಡರ್ನಾ ಕಂಪನಿ ಕಟ್ಟಿದೋರಲ್ಲಿ ಒಬ್ರಾದ್ರು.

ಅದೇ ಲ್ಯಾಬಲ್ಲಿ ಡೊನಾಲ್ಡ್ ಇಂಗ್ಬರ್ ಬೆಳೆಸ್ತಿದ್ದ ಎಂಡೋಥೀಲಿಯಲ್ ಜೀವಕೋಶದ ತಟ್ಟೇಲಿ ಬೂಷ್ಟು ಬಂತು. ಕಲ್ಚರ್ ಮಾಡೋರಿಗೆ ಬೂಷ್ಟು ಅಂದ್ರೆ ಮುಟ್ಟದೇ ಎಸೆಯೋ ವಸ್ತು, ಇವ್ರು ಎಸೆಯದೇ ನೋಡಿದ್ರು, ಬೂಷ್ಟಿನ ಸುತ್ತ ಇರೋ ಜೀವಕೋಶಗಳು ಸಾಯದೇ ಸುಮ್ನೆ ದುಂಡಗಾಗಿ ಬೆಳೆಯೋದು ನಿಲ್ಲಿಸಿದ್ವು. ಅದರಿಂದ ರಕ್ತನಾಳ ಬೆಳೆಯೋದನ್ನ ತಡೆಯೋ ಫ್ಯುಮಾಜಿಲಿನ್ ಅನ್ನೋ ವಸ್ತು ಸಿಕ್ಕಿ 1990ರಲ್ಲಿ ನೇಚರ್‌ನಲ್ಲಿ ಬಂತು. ಮೈಕಲ್ ಓರೈಲಿ ಅನ್ನೋರು ಗೆಡ್ಡೆ ಇರೋ ಇಲಿಗಳ ಮೂತ್ರಾನ ಒಟ್ಟು ಮಾಡಿ ಮಾಡಿ ಶುದ್ಧ ಮಾಡಿ, ನಾಳ ಬೆಳೆಯೋದನ್ನ ತಡೆಯೋ ಆಂಜಿಯೋಸ್ಟ್ಯಾಟಿನ್ ಅಂತ ಪ್ರೋಟೀನ್ ತೆಗೆದ್ರು, ಅದು 1994ರಲ್ಲಿ ಪ್ರಕಟ ಆಯ್ತು. ಒಂದು ಇಲಿ ಎಷ್ಟು ಮೂತ್ರ ಮಾಡತ್ತೆ ಅಂತ ಯೋಚ್ನೆ ಮಾಡಿ, ಆಗ ಆ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಅಂದಾಜು ಆಗತ್ತೆ. ಈ ವಿಚಾರ ಕೊನೆಗೆ ಔಷಧಿ ರೂಪಕ್ಕೆ ಬಂದಿದ್ದು ಬೇರೆ ದಾರೀಲಿ, ಬೆವಾಸಿಝುಮ್ಯಾಬ್ ಅಂತ, 2004ರಲ್ಲಿ ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ತು. ಶುಗರ್‌ನಿಂದ ಕಣ್ಣಿನ ರೆಟಿನಾ ಹಾಳಾದೋರಿಗೆ ನಮ್ಮ ಕಣ್ಣಾಸ್ಪತ್ರೆಗಳಲ್ಲಿ ಕೊಡೋ ಅವಾಸ್ಟಿನ್ ಇಂಜೆಕ್ಷನ್ ಇದೇ.

ನಮ್ಮ ಬೆಂಗಳೂರಲ್ಲೂ ಇಂಥ ಲ್ಯಾಬ್ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವ್ರು ರಕ್ತನಾಳ ಮತ್ತೆ ರಕ್ತಕಣದ ಬೆಳವಣಿಗೆ ಬಗ್ಗೆ ಲ್ಯಾಬ್ ಕಟ್ಟಿದ್ರು. ಅಸ್ರಿಜ್ ಅನ್ನೋ ಜೀನ್ ಬಗ್ಗೆ ಅಲ್ಲಿ ವರ್ಷಗಟ್ಟಲೆ ಕೆಲಸ ಆಗಿದೆ, ಬಾಳೆಹಣ್ಣಿಗೆ ಮುತ್ತೋ ಸಣ್ಣ ನೊಣದಲ್ಲೂ ಇಲಿಲೂ ಮನುಷ್ಯರಲ್ಲೂ ಅದು ಇದೆ, ನೊಣದಲ್ಲಿ ಅದನ್ನ ತೆಗೆದ್ರೆ ರಕ್ತದ ಮೂಲಕೋಶಗಳು ಕಾಯದೇ ಅವಸರದಲ್ಲಿ ಬೇರೆ ಕೋಶ ಆಗಿಬಿಡ್ತವೆ. ಅಂದ್ರೆ ಅಂಥ ಲ್ಯಾಬಲ್ಲಿ ಒಬ್ಬರು ನೊಣದ ಬಾಟಲಿ ನೋಡ್ಕೊಳ್ಬೇಕು, ಒಬ್ಬರು ಇಲಿ, ಒಬ್ಬರು ಮೂಲಕೋಶದ ತಟ್ಟೆ, ಮೂರೂ ಬೇರೆ ಬೇರೆ ಹೊತ್ತಿಗೆ ಊಟ ಕೇಳೋ ಜೀವಗಳು, ಭಾನುವಾರ ಯುಗಾದಿ ದೀಪಾವಳಿ ಅಂತ ಯಾವುದೂ ನಿಲ್ಲಲ್ಲ.

ಈಗ ನಾನು ಹತ್ತಿರದಿಂದ ನೋಡಿರೋ ಜನರ ಬಗ್ಗೆ ಹೇಳ್ತೀನಿ. ಗಾಜಿನ ಸಾಮಾನು ತೊಳೆಯೋರಿಂದಾನೇ ಶುರು ಮಾಡ್ಬೇಕು. ಬಾಟಲೀಲಿ ಒಂದು ಚೂರು ಸೋಪಿನ ಅಂಶ ಉಳಿದ್ರೆ ಜೀವಕೋಶ ಸಾಯತ್ತೆ, ಅದು ಎಲ್ರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಆಟೋಕ್ಲೇವಲ್ಲಿ 121 ಡಿಗ್ರಿ ಹಬೆ ಕೊಟ್ರೆ ಬ್ಯಾಕ್ಟೀರಿಯಾ ಸಾಯತ್ತೆ, ಆದ್ರೆ ಸತ್ತ ಬ್ಯಾಕ್ಟೀರಿಯಾದ ಗೋಡೆಯ ಎಂಡೋಟಾಕ್ಸಿನ್ ಅಲ್ಲೇ ಉಳ್ಕೊಳ್ಳತ್ತೆ, ಅದನ್ನ ಸುಡ್ಬೇಕು ಅಂದ್ರೆ ಒಣ ಓವನ್‌ನಲ್ಲಿ 250 ಡಿಗ್ರಿ ಅರ್ಧ ಗಂಟೆಯಾದ್ರೂ ಇಡ್ಬೇಕು. ಎಂಡೋಥೀಲಿಯಲ್ ಜೀವಕೋಶಕ್ಕೆ ಎಂಡೋಟಾಕ್ಸಿನ್ ಅಂದ್ರೆ ಸೋಂಕು ಬಂತು ಅನ್ನೋ ಸುದ್ದಿ, ತಕ್ಷಣ ಬಿಳಿ ರಕ್ತಕಣಗಳನ್ನ ಹಿಡ್ಕೊಳ್ಳೋ ಪ್ರೋಟೀನ್‌ಗಳನ್ನ ಮೈಮೇಲೆ ತಂದುಬಿಡತ್ತೆ. ನೀವು ಯಾವುದೋ ಔಷಧಿ ಪರೀಕ್ಷೆ ಮಾಡ್ತಿದೀನಿ ಅಂದ್ಕೊಂಡಿರ್ತೀರ, ಅದು ಬಾಟಲಿಗೆ ಉತ್ತರ ಕೊಡ್ತಿರತ್ತೆ. ನಮ್ಮ ಲ್ಯಾಬಿನ ಅಕ್ಕ ಒಬ್ರು ಎಸ್‌ಎಸ್‌ಎಲ್‌ಸಿ ಓದಿದೋರು, ಓವನ್‌ನಿಂದ ಬಂದ ಪ್ರತಿ ಬಾಟಲಿಗೂ ತಾರೀಖು ಬರೆದು ಟೇಪ್ ಹಚ್ತಿದ್ರು, ತಾರೀಖು ಇಲ್ಲದ್ದನ್ನ ಪ್ರೊಫೆಸರ್ ಬಂದು ಕೇಳಿದ್ರೂ ಕೊಡ್ತಿರಲಿಲ್ಲ. ಆ ಲ್ಯಾಬಿಂದ ಹೊರಗೆ ಬಂದ ಅಂಕಿ ಅಂಶ ನಂಬಬಹುದು ಅಂದ್ರೆ ಅದರಲ್ಲಿ ಅವ್ರ ಪಾಲು ದೊಡ್ಡದು.

ಆಮೇಲೆ ಪ್ರಾಣಿಗಳ ಮನೆ ನೋಡ್ಕೊಳ್ಳೋರು. ಇಲಿಗೆ ಬಿಪಿ ನೋಡೋದು ಸಣ್ಣ ಡಬ್ಬೀಲಿ ಕೂರಿಸಿ ಬಾಲಕ್ಕೆ ಪುಟ್ಟ ಪಟ್ಟಿ ಕಟ್ಟಿ, ಗಾಬರಿ ಆದ್ರೆ ಬಿಪಿ ಏರಿ ಲೆಕ್ಕಾನೇ ತಪ್ಪತ್ತೆ, ಅದಕ್ಕೆ ಮುಂಚೆ ದಿನಾ ಎತ್ಕೊಂಡು ಆ ಡಬ್ಬಿಗೆ ಅಭ್ಯಾಸ ಮಾಡಿಸ್ಬೇಕು. ಯಾವ ಕೈಗೆ ಇಲಿ ಹೆದರಲ್ವೋ ಆ ಕೈ ಬೇಕು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೆಳಗೆ ಸಮಿತಿ ಒಪ್ಪಿಗೆ ಬೇಕು, ಎಷ್ಟು ಪ್ರಾಣಿ, ಯಾಕೆ ಬೇಕು, ನೋವು ಹೇಗೆ ಕಮ್ಮಿ ಮಾಡ್ತೀರ ಎಲ್ಲ ಬರೆದು ಕೊಡ್ಬೇಕು. ಕಾಗದದ ಮೇಲೆ ಇರೋದನ್ನ ಬೆಳಗ್ಗೆ ಆರು ಗಂಟೆಗೆ ಬಂದು ನಡೆಸೋದು ಆ ಅಟೆಂಡರ್‌ಗಳೇ, ಯಾವ ಇಲಿ ಮಂಕಾಗಿದೆ ಅಂತ ಪಿಎಚ್‌ಡಿ ಹುಡುಗರಿಗಿಂತ ಒಂದು ದಿನ ಮೊದಲೇ ಅವ್ರಿಗೆ ಗೊತ್ತಾಗತ್ತೆ.

ಪಿಎಚ್‌ಡಿ ಮಕ್ಕಳ ಕೆಲಸ ಸೂಕ್ಷ್ಮದರ್ಶಕದ ಮುಂದೆ. ಇಲಿಮರಿ ಹುಟ್ಟಿದಾಗ ಅದರ ರೆಟಿನಾದಲ್ಲಿ ರಕ್ತನಾಳ ಇನ್ನೂ ಹರಡಿರಲ್ಲ, ನಡುವಿಂದ ಅಂಚಿನ ಕಡೆಗೆ ಮೊದಲ ವಾರದಲ್ಲಿ ಬೆಳ್ಕೊಂಡು ಹೋಗತ್ತೆ, ಹಾಗಾಗಿ ನಾಳ ಬೆಳೆಯೋದನ್ನ ನೋಡಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಐದಾರು ದಿನದ ಮರಿಯ ಕಣ್ಣಿಂದ ರೆಟಿನಾ ಬಿಡಿಸಿ, ನಾಲ್ಕು ಕಡೆ ಸೀಳಿ ಹೂವಿನ ಎಸಳಿನ ಆಕಾರದಲ್ಲಿ ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಎಣಿಸ್ಬೇಕು. ಉಸಿರು ಬಿಗಿ ಹಿಡ್ಕೊಂಡು ಮಾಡೋ ಕೆಲಸ, ಕೈ ಕೂರಕ್ಕೆ ತಿಂಗಳುಗಟ್ಟಲೆ ಬೇಕು, ಅದಕ್ಕೆ ಸರ್ಟಿಫಿಕೇಟ್ ಯಾರೂ ಕೊಡಲ್ಲ.

ದುಡ್ಡಿನ ವಿಷ್ಯಾನೂ ಹೇಳ್ಬೇಕು, ಬಿಟ್ರೆ ಮಾತು ಅರ್ಧ ಆಗತ್ತೆ. ಪಿಎಚ್‌ಡಿಯ ಮೊದಲ ವರ್ಷಗಳಲ್ಲಿ ಜೂನಿಯರ್ ರಿಸರ್ಚ್ ಫೆಲೋ ಆಗಿರೋರಿಗೆ 2023ರ ಜನವರಿಯಿಂದ ಅನ್ವಯ ಆಗೋ ಹಾಗೆ ತಿಂಗಳಿಗೆ 37,000 ರೂಪಾಯಿ ಅಂತ ಕೇಂದ್ರ ಸರ್ಕಾರ ಮಾಡ್ತು, ಮುಂಚೆ 31,000 ಇತ್ತು. ಕೇಳಕ್ಕೆ ಚೆನ್ನಾಗಿದೆ. ಆದ್ರೆ ಅದು ತಿಂಗಳು ತಿಂಗಳು ಬಂದ್ರೆ ತಾನೇ, ಆರು ತಿಂಗಳಿಗೊಂದು ಸಲ ಒಟ್ಟಿಗೆ ಬಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಅಷ್ಟರಲ್ಲಿ ಪಿಜಿ ಬಾಡಿಗೆಗೆ ಊರಿಂದ ಅಪ್ಪನ ಹತ್ರ ತರಿಸ್ಕೊಂಡಿರ್ತಾರೆ. ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳದ್ದು ಇನ್ನೂ ಕಷ್ಟ, ಮೂರು ವರ್ಷದ ಪ್ರಾಜೆಕ್ಟ್ ಮುಗಿದ ದಿನ ಕೆಲಸಾನೂ ಮುಗೀತು, ಪಳಗಿದ ಕೈ ಲ್ಯಾಬ್ ಬಿಟ್ಟು ಹೋಗತ್ತೆ, ಮತ್ತೆ ಹೊಸಬರಿಗೆ ಮೊದಲಿಂದ ಕಲಿಸ್ಬೇಕು. ಒಂದು ಸಾಲಿನ ಪದರ ಮುಟ್ಟೋ ಶಾಸ್ತ್ರದಲ್ಲಿ ಇದು ಎಂಥಾ ನಷ್ಟ ಅಂತ ಅನುದಾನ ಕೊಡೋರಿಗೆ ಅರ್ಥ ಆಗ್ಬೇಕು, ಪ್ರತಿ ಲ್ಯಾಬಿಗೂ ಒಬ್ರಾದ್ರೂ ಕಾಯಂ ಟೆಕ್ನೀಶಿಯನ್ ಬೇಕು ಅಂತ ನಾನು ಹೋದಲ್ಲೆಲ್ಲ ಹೇಳ್ತೀನಿ. ಪ್ರಬಂಧ ಬರೆಯೋವಾಗ ಅವ್ರ ಹೆಸರೂ ಹಾಕಿ, ಕೆಲಸ ಮಾಡಿದೋರ ಹೆಸರು ಹಾಕಕ್ಕೆ ಯಾವ ಅನುದಾನಾನೂ ಬೇಕಾಗಿಲ್ಲ.

ಇನ್ನು ಒಬ್ರ ಬಗ್ಗೆ ಹೇಳೋದು ಉಳಿದಿದೆ, ಹೆರಿಗೆ ಆದ ತಾಯಿ, ಅವ್ರು ಲ್ಯಾಬಿನ ಒಳಗೆ ಕಾಲೇ ಇಡಲ್ಲ. ಮನುಷ್ಯರ ಎಂಡೋಥೀಲಿಯಲ್ ಜೀವಕೋಶನ ದೇಹದ ಹೊರಗೆ ಚೆನ್ನಾಗಿ ಬೆಳೆಸಿ, ಇದು ಅದೇ ಅಂತ ಖಚಿತವಾಗಿ ಗುರುತು ಹಿಡಿದಿದ್ದು 1973ರಲ್ಲಿ, ನ್ಯೂಯಾರ್ಕಿನ ಕಾರ್ನೆಲ್ ಮೆಡಿಕಲ್ ಕಾಲೇಜಲ್ಲಿ ಎರಿಕ್ ಜಾಫಿ ಮತ್ತೆ ಜೊತೆಯೋರು. ಸಿಕ್ಕಿದ್ದು ಎಲ್ಲಿಂದ ಅಂದ್ರೆ ಹೊಕ್ಕಳಬಳ್ಳಿಯಿಂದ, ಅದರಲ್ಲಿ ಎರಡು ಅಪಧಮನಿ ಒಂದು ಅಗಲವಾದ ಅಭಿಧಮನಿ ಇರತ್ತೆ, ಆ ಅಗಲದ್ದೇ ಬೇಕಾಗಿರೋದು. ಇವತ್ತಿಗೂ ಪ್ರಪಂಚದ ಎಷ್ಟೋ ಲ್ಯಾಬು ಅದನ್ನೇ ಮಾಡೋದು. ಹೆರಿಗೆ ಆದ ಮೇಲೆ ವಾರ್ಡಿನ ಸಿಸ್ಟರ್ ಬಳ್ಳಿನ ಶುದ್ಧವಾದ ಬಾಟಲಿಗೆ ಹಾಕಿ ಫ್ರಿಡ್ಜಲ್ಲಿಟ್ಟು ಫೋನ್ ಮಾಡ್ತಾರೆ, ರಾತ್ರಿ ಹತ್ತೋ ಬೆಳಗಿನ ಜಾವ ಮೂರೋ, ಹೆರಿಗೆಗೆ ಟೈಮ್ ಟೇಬಲ್ ಇಲ್ಲ. ಲ್ಯಾಬಿನ ಹುಡುಗಿ ಹೋಗಿ ಐಸ್ ಡಬ್ಬೀಲಿ ತರ್ತಾಳೆ. ಬಳ್ಳಿ ಕೈಗೆ ಜಾರತ್ತೆ, ಹೊರಗಿನ ರಕ್ತ ಒರೆಸಿ, ಸೂಜಿ ಗುರುತು ಇರೋ ತುದಿ ಕತ್ತರಿಸಿ, ಅಭಿಧಮನಿಗೆ ಸಣ್ಣ ನಳಿಕೆ ತೂರಿಸಿ ದಾರ ಬಿಗಿದು, ಒಳಗೆಲ್ಲ ಉಪ್ಪುದ್ರಾವಣ ಬಿಟ್ಟು ನೀರು ತಿಳಿಯಾಗೋವರೆಗೂ ತೊಳೆದು, ಜೀವಕೋಶನ ಗೋಡೆಯಿಂದ ಬಿಡಿಸೋ ಕೊಲಾಜಿನೇಸ್ ಅನ್ನೋ ಕಿಣ್ವ ತುಂಬಿ, 37 ಡಿಗ್ರಿಲಿ ಹತ್ತು ಹದಿನೈದು ನಿಮಿಷ ಇಟ್ಟು ಹೊರಗೆ ತೆಗೀಬೇಕು. ಹೊತ್ತು ಕಮ್ಮಿ ಆದ್ರೆ ಜೀವಕೋಶ ಬಿಡಲ್ಲ, ಜಾಸ್ತಿ ಆದ್ರೆ ಕೆಳಗಿನ ಮಾಂಸಖಂಡದ ಕೋಶಾನೂ ಕಿತ್ಕೊಂಡು ಬಂದು ತಟ್ಟೆ ಪೂರ್ತಿ ಆಕ್ರಮಿಸ್ಕೊಳ್ಳತ್ತೆ. ಮೆಲ್ಲಗೆ ಬಳ್ಳಿನ ಒತ್ತಿ ಹೊರಗೆ ಬಂದಿದ್ದನ್ನ ಜೆಲಾಟಿನ್ ಬಳಿದ ತಟ್ಟೇಲಿ ಬಿಟ್ರೆ ಕೆಲ ದಿನದಲ್ಲಿ ಒಂದು ಸಾಲು ಹಾಸು ತಯಾರಾಗತ್ತೆ.

ಆ ಹಾಸನ್ನ ಬಿಡಿಸಿ ಹೊಸ ತಟ್ಟೆಗೆ ಹಾಕ್ತಾ ಐದಾರು ಸಲ ಬೆಳೆಸಬಹುದು, ಅದರ ಮೇಲೆ ತನ್ನ ಗುಣ ಕಳ್ಕೊಳ್ಳತ್ತೆ, ಮತ್ತೆ ಹೊಸ ಬಳ್ಳಿ ಬೇಕು. ಅದಕ್ಕೇ ತಾಯಂದಿರನ್ನ ಕೇಳೋದು ಯಾವತ್ತೂ ನಿಲ್ಲಲ್ಲ. ನಮ್ಮ ಕಡೆ ಮಾಸು ಹೂಳೋ ಪದ್ಧತಿ ಇದೆ, ಬಾಣಂತಿಗಿಂತ ಮುಂಚೆ ಅಜ್ಜಿ ಮಾತಾಡ್ತಾರೆ, ಮಗೂದು ಕೊಟ್ರೆ ಮಗೂಗೆ ಏನಾದ್ರೂ ಆಗತ್ತಾ, ಏನಕ್ಕೆ ಬಳಸ್ತೀರ ಅಂತ. ಒಂದು ಸಲ ನಮ್ಮ ಹುಡುಗಿ ಒಬ್ಬ ಅಜ್ಜಿ ಪಕ್ಕ ಬೆಂಚಲ್ಲಿ ಕೂತು, ಮಾಸು ನಿಮಗೇ ಕೊಡ್ತೀವಿ ಅಜ್ಜಿ, ಬಳ್ಳಿ ಒಂದು ಗೇಣಿನಷ್ಟು ಸಾಕು, ಬಿಪಿ ಶುಗರ್ ಇರೋರಿಗೆ ನಾಳ ಯಾಕೆ ಕೆಡತ್ತೆ ಅಂತ ನೋಡ್ತೀವಿ ಅಂತ ಬಿಡಿಸಿ ಬಿಡಿಸಿ ಹೇಳಿದ್ಲು. ಅಜ್ಜಿಗೆ ಶುಗರ್ ಇತ್ತು, ಒಪ್ಪಿದ್ರು. ಅದು ಅಜ್ಜಿ ಒಪ್ಪಿಗೆ, ಸಹಿ ಮಾತ್ರ ತಾಯೀದೇ ಆಗ್ಬೇಕು, ಅದನ್ನೂ ಹುಡುಗಿ ಮರೀದೇ ಹೋಗಿ ತಾಯಿ ಹತ್ರ ಇನ್ನೊಂದು ಸಲ ಪೂರ್ತಿ ಹೇಳಿದ್ಲು.

ಹಾಗಾಗಿ ಕೇಳುಗರಲ್ಲಿ ಯಾರಾದ್ರೂ ಹೆರಿಗೆಗೆ ಹೋದಾಗ ಹೊಕ್ಕಳಬಳ್ಳಿ ಸಂಶೋಧನೆಗೆ ಕೊಡ್ತೀರಾ ಅಂತ ಯೂನಿವರ್ಸಿಟಿಯೋರು ಕೇಳಿದ್ರೆ, ನೋವು ಶುರು ಆಗೋಕ್ಕಿಂತ ಮುಂಚೆನೇ ಸಮಾಧಾನವಾಗಿ ಕೇಳಿ ತಿಳ್ಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ, ನೈತಿಕ ಸಮಿತಿ ಅನುಮತಿ ಇದ್ಯಾ ಕೇಳಿ, ನಿಮ್ಮ ಹೆಸರು ಬಾಟಲಿ ಮೇಲೆ ಇರತ್ತಾ ನಂಬರ್ ಮಾತ್ರಾನಾ ಕೇಳಿ. ಬೇಡ ಅನ್ನೋ ಹಕ್ಕು ನಿಮಗೆ ಪೂರ್ತಿ ಇದೆ, ಬೇಡ ಅಂದ್ರೆ ಚಿಕಿತ್ಸೆಲಿ ಏನೂ ವ್ಯತ್ಯಾಸ ಆಗಬಾರದು. ಬಳ್ಳಿಯ ರಕ್ತ ಕೂಡಿಡ್ತೀವಿ ಅಂತ ದುಡ್ಡು ಕೇಳೋ ಕಂಪನಿಗಳ ವ್ಯವಹಾರಾನೇ ಬೇರೆ, ಲ್ಯಾಬಿನೋರು ನಿಮ್ಮ ಹತ್ರ ಒಂದು ರೂಪಾಯೀನೂ ಕೇಳೋ ಹಾಗಿಲ್ಲ. ಸಹಿ ಹಾಕಿದ್ರೆ ಅದರ ಒಂದು ಪ್ರತಿ ನೀವೂ ಇಟ್ಕೊಳ್ಳಿ.

ನಮಸ್ಕಾರ.